ಬಳಕೆ ತಪ್ಪಿದ್ದನ್ನು ಕಳೆಯಬೇಕೇ?

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಕಂಪ್ಯೂಟರಿನ ಒಳಗುಟ್ಟಿನ ಮಾತೇಕೆಂದು ಹುಬ್ಬೇರಿಸುವ ಮಿತ್ರರು ಇಲ್ಲದಿರಲಾರರು. ಕವಿತೆ, ಹರಟೆ, ಪ್ರವಾಸಕಥನಗಳ ಪಂಕ್ತಿಯಲ್ಲಿ ಈ ಲೇಖನ ಪಾಯಸದ ನಡುವೆ ಕಷಾಯ ಬಡಿಸಿದಂತೆ ತೋರಲೂಬಹುದು. ಆದರೆ ನಾನು ಹೇಳಹೊರಟಿರುವುದು ಬರಿಯ ಯಂತ್ರದ ಸಮಾಚಾರವಲ್ಲ. ಹಳೆಯದರಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಕಳೆಯಬೇಕು, ಕಳೆಯುವುದಾದರೆ ಯಾರಿಗೆ ತಿಳಿಸಿ ಕಳೆಯಬೇಕು ಎಂಬ ಪ್ರಶ್ನೆ ಇದರಲ್ಲಿ ಅಡಗಿದೆ. ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ಓದುವ ನಾವು ಇಂಥ ಪ್ರಶ್ನೆಯನ್ನು ಎಂಜಿನಿಯರುಗಳಿಗೇ ಬಿಟ್ಟುಕೊಟ್ಟು ಕೈಕಟ್ಟಿ ಕೂರುವುದು ಸರಿಯಲ್ಲವೆಂದು ನನ್ನ ಮತ.

ಮೊದಲು ಎಮ್ಯುಲೇಟರ್ ಎಂದರೇನೆಂಬುದನ್ನು ಹೇಳಬೇಕು. ನಮ್ಮ ಹಳ್ಳಿಗಳ ಬೀದಿಗೆ ಬರುವ ಹಗಲುವೇಷದವರನ್ನು ನೀವೆಲ್ಲರೂ ಬಲ್ಲಿರಿ. ಒಬ್ಬನೇ ಮನುಷ್ಯ ಇಂದು ಹನುಮಂತನಾಗುತ್ತಾನೆ, ನಾಳೆ ಭೀಮನಾಗುತ್ತಾನೆ. ನೋಡುವ ಮಕ್ಕಳಿಗೆ ಅವನು ನಿಜವಾದ ಹನುಮಂತನೇ. ಎಮ್ಯುಲೇಟರ್ ಎಂಬ ತಂತ್ರಾಂಶ ಮಾಡುವುದೂ ಇದನ್ನೇ. ಒಂದು ಕಂಪ್ಯೂಟರು ಇನ್ನೊಂದು ಬಗೆಯ ಕಂಪ್ಯೂಟರಿನ ವೇಷವನ್ನು ಧರಿಸುವಂತೆ ಅದು ಮಾಡುತ್ತದೆ. ಮೂವತ್ತು ವರ್ಷಗಳ ಹಿಂದಿನ ಯಂತ್ರಕ್ಕೆಂದು ಬರೆದ ಪ್ರೋಗ್ರಾಮು ಈ ವೇಷವನ್ನು ನಿಜವೆಂದೇ ನಂಬಿ ತನ್ನ ಕೆಲಸವನ್ನು ಮಾಡಿಕೊಂಡು ಹೋಗುತ್ತದೆ.

ಇದರಿಂದ ಆಗುವ ಉಪಕಾರ ಸಣ್ಣದಲ್ಲ. ಯೂನಿಕೋಡಿನಲ್ಲಿ ಕನ್ನಡ ಲಿಪಿಗೆ 1991ರಲ್ಲೇ ಸ್ಥಾನ ದೊರೆತರೂ, ನಮ್ಮ ನಾಡಿನಲ್ಲಿ ಬಹುಕಾಲ ಆಯಾ ತಂತ್ರಾಂಶದ ಫಾಂಟಿಗೆ ತಕ್ಕ ಬೇರೆ ಬೇರೆ ಸಂಕೇತಗಳಲ್ಲೇ ಕನ್ನಡವನ್ನು ಅಚ್ಚು ಮಾಡುತ್ತಿದ್ದರು. ಹಾಗೆ ಉಳಿಸಿದ ಕಡತಗಳನ್ನು ಇಂದಿನ ಯಂತ್ರದಲ್ಲಿ ತೆರೆದರೆ ಅಕ್ಷರದ ಬದಲು ಅರ್ಥವಿಲ್ಲದ ಗೀಟುಗಳು ಕಾಣುವುದುಂಟು. ಅಂಥ ಕಡತವನ್ನು ಅದರ ಕಾಲದ ತಂತ್ರಾಂಶದೊಡನೆಯೇ ತೆರೆದು ಓದಲು ಎಮ್ಯುಲೇಟರ್ ಒಂದು ದಾರಿ. ನಮ್ಮ ಕಾಲೇಜಿನ ಹುಡುಗರು ಆಂಡ್ರಾಯ್ಡ್ ಫೋನಿಗೆ ಆ್ಯಪ್ ಬರೆಯುವುದನ್ನು ಕಲಿಯುವಾಗ, ಫೋನು ಕೈಯಲ್ಲಿಲ್ಲದಿದ್ದರೂ ಕಂಪ್ಯೂಟರಿನ ಪರದೆಯ ಮೇಲೆ ಫೋನೊಂದನ್ನು ಎಬ್ಬಿಸಿ ನೋಡುವುದೂ ಇದೇ ವಿದ್ಯೆಯಿಂದ. ಆ ಆಂಡ್ರಾಯ್ಡ್ ಎಮ್ಯುಲೇಟರಿಗೆ ಮೂಲವಾದದ್ದು ಕ್ಯೂಎಮು ಎಂಬ ತಂತ್ರಾಂಶ. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಎಂಬಾತ ಇದನ್ನು 2003ರಲ್ಲಿ ಹೊರತಂದನು. ಇದರ ಮೂಲ ಬರವಣಿಗೆಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ನನ್ನ ಲೇಖನದ ವಸ್ತು ಈ ತಂತ್ರಾಂಶವೇ.

ಇಂಥ ತಂತ್ರಾಂಶವನ್ನು ಮೂಲ ಬರವಣಿಗೆಯಿಂದ ಕಟ್ಟುವಾಗ, ಯಾವ ಯಾವ ಭಾಗಗಳು ಒಳಗೆ ಬರಬೇಕೆಂದು ಮೊದಲೇ ಆರಿಸಿಕೊಳ್ಳಬೇಕು. ಇವಕ್ಕೆ ನಿರ್ಮಾಣಕಾಲದ ಆಯ್ಕೆಗಳೆಂದು ಹೆಸರು. ಮಾಲೂರಿನ ಹೆಂಚಿನ ಕಾರ್ಖಾನೆಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಹೆಂಚನ್ನು ಮಾಡಿನ ಮೇಲೆ ಎಲ್ಲಿ ಹೊದಿಸಬೇಕೆಂಬುದನ್ನು ಮನೆಯವನು ಆಮೇಲೆ ನಿರ್ಧರಿಸಬಹುದು. ಆದರೆ ಅದರ ಆಕಾರ ಅಚ್ಚಿನಲ್ಲಿ ಮಣ್ಣು ಒತ್ತುವಾಗಲೇ ನಿಶ್ಚಯವಾಗಿ ಹೋಗಿರುತ್ತದೆ. ಸುಟ್ಟ ಮೇಲೆ ಬದಲಿಸುವಂತಿಲ್ಲ. ನಿರ್ಮಾಣಕಾಲದ ಆಯ್ಕೆಯೂ ಅಚ್ಚಿನ ಮಟ್ಟದ್ದು. ನನ್ನ ಪ್ರಶ್ನೆ ಇಷ್ಟೇ: ಈಗ ಯಾರೂ ಬಳಸದ ಒಂದು ಅಚ್ಚು ಕಾರ್ಖಾನೆಯಲ್ಲಿ ಬಿದ್ದಿದ್ದರೆ ಅದನ್ನು ಹಾಗೆಯೇ ಇಟ್ಟುಕೊಳ್ಳಬೇಕೇ, ಹೊರಗೆ ಹಾಕಬೇಕೇ?

"ಇರಲಿ ಬಿಡಿ, ಅದೇನು ಅನ್ನ ಕೇಳುತ್ತದೆಯೇ?" ಎನ್ನುವವರೇ ಬಹುಮಂದಿ. ನಮ್ಮ ಮನೆಗಳ ಅಟ್ಟಗಳು ತುಂಬಿರುವುದೂ ಇದೇ ವಾದದಿಂದ. ಆದರೆ ತಂತ್ರಾಂಶದಲ್ಲಿ ಬಳಕೆ ತಪ್ಪಿದ ಆಯ್ಕೆ ಅನ್ನವನ್ನೂ ಕೇಳುತ್ತದೆ, ಮನೆಯವರ ಕಾಲನ್ನೂ ಎಡವಿಸುತ್ತದೆ. ಇದಕ್ಕೆ ಕ್ಯೂಎಮುವಿನ ಚರಿತ್ರೆಯಲ್ಲೇ ಒಳ್ಳೆಯ ದೃಷ್ಟಾಂತವಿದೆ.

ವೇಷಧಾರಿಗೆ ಒಂದು ತೊಂದರೆಯುಂಟು, ಅವನ ನಡೆ ನಿಧಾನ. ಎಮ್ಯುಲೇಟರ್ ಪ್ರತಿಯೊಂದು ಆಜ್ಞೆಯನ್ನೂ ಒಂದು ಯಂತ್ರದ ಭಾಷೆಯಿಂದ ಇನ್ನೊಂದರ ಭಾಷೆಗೆ ತಿರುಗಿಸಬೇಕಾದುದರಿಂದ ಹೊತ್ತು ಹಿಡಿಯುತ್ತದೆ. ಎರಡೂ ಯಂತ್ರಗಳು ಒಂದೇ ಜಾತಿಯವಾದರೆ, ಆಜ್ಞೆಗಳನ್ನು ನೇರವಾಗಿ ನಡೆಸಿ ವೇಗ ಹೆಚ್ಚಿಸಬಹುದೆಂದು ಬೆಲ್ಲಾರ್ ತಾನೇ ಕೆಕ್ಯೂಎಮು ಎಂಬ ವೇಗವರ್ಧಕವನ್ನು ರಚಿಸಿದನು. ಅದನ್ನು ಸೇರಿಸಬೇಕೇ ಬೇಡವೇ ಎಂಬುದು ನಿರ್ಮಾಣಕಾಲದ ಒಂದು ಆಯ್ಕೆಯಾಯಿತು. ಆ ಕಾಲಕ್ಕೆ ಅದು ದೊಡ್ಡ ಉಪಕಾರವೇ. ಆದರೆ ಪ್ರೊಸೆಸರುಗಳಲ್ಲೇ ಈ ಕೆಲಸಕ್ಕೆ ಬೇಕಾದ ಅನುಕೂಲಗಳು ಬಂದವು. 2007ರಲ್ಲಿ ಲಿನಕ್ಸಿನೊಳಗೆ ಕೆವಿಎಂ ಎಂಬ ಹೊಸ ವ್ಯವಸ್ಥೆ ಸೇರಿತು. ಕೆಕ್ಯೂಎಮುವನ್ನು ನೋಡಿಕೊಳ್ಳುವವರು ಕ್ರಮೇಣ ಇಲ್ಲವಾದರು. ಆದರೂ ಆಯ್ಕೆ ಮಾತ್ರ ಉಳಿದಿತ್ತು.

ಉಳಿದದ್ದು ಸುಮ್ಮನೆ ಉಳಿಯಲಿಲ್ಲ. ಅದು ಒಳಗಿದ್ದ ಕಾರಣದಿಂದಲೇ, ಸಾಮಾನ್ಯ ರೀತಿಯಲ್ಲಿ ಕಟ್ಟಿದ ಕ್ಯೂಎಮುವಿನಲ್ಲಿ ವೇಷದ ಯಂತ್ರಕ್ಕೆ ದೊಡ್ಡ ಮೆಮೊರಿಯನ್ನು ಕೊಡಲು ಆಗುತ್ತಿರಲಿಲ್ಲ. ಇದನ್ನು ಗಮನಿಸಬೇಕು. ಕೆಕ್ಯೂಎಮುವನ್ನು ಒಂದು ದಿನವೂ ಬಳಸದವನು ಸಹ ಅದರ ಸಲುವಾಗಿ ಇಕ್ಕಟ್ಟಿನಲ್ಲಿ ಬಾಳಬೇಕಾಗಿತ್ತು. ಕಡೆಗೆ 2009ರಲ್ಲಿ ಅದನ್ನು ಕಿತ್ತುಹಾಕಿದರು. ಆ ವರ್ಷದ ಕೊನೆಗೆ ಬಂದ 0.12ನೆಯ ಆವೃತ್ತಿಯಲ್ಲಿ ಅದಿರಲಿಲ್ಲ. ಮೂಲಪುರುಷನೇ ಕೈಯಾರೆ ಮಾಡಿದ್ದೆಂಬ ಗೌರವ ಅದನ್ನು ಉಳಿಸಲಿಲ್ಲ, ಉಳಿಸಬೇಕಾಗಿಯೂ ಇರಲಿಲ್ಲ.

ಎರಡನೆಯ ದೃಷ್ಟಾಂತ ನಮ್ಮ ಕಾಲಕ್ಕೆ ಹತ್ತಿರವಾದದ್ದು. ಇಂಟೆಲ್ ಕಂಪನಿಯವರು ಹ್ಯಾಕ್ಸ್‌ಎಂ ಎಂಬ ಇನ್ನೊಂದು ವೇಗವರ್ಧಕವನ್ನು ನಡೆಸುತ್ತಿದ್ದರು. ವಿಂಡೋಸ್ ಯಂತ್ರಗಳಲ್ಲಿ ಆಂಡ್ರಾಯ್ಡ್ ಎಮ್ಯುಲೇಟರನ್ನು ಓಡಿಸುವವರಿಗೆ ಇದು ಚಿರಪರಿಚಿತ. 2023ರ ಆರಂಭದಲ್ಲಿ ಕಂಪನಿ ಆ ಯೋಜನೆಯನ್ನೇ ನಿಲ್ಲಿಸಿಬಿಟ್ಟಿತು. ಒಡೆಯನೇ ಕೈಬಿಟ್ಟ ಮೇಲೆ ದೋಷ ಕಂಡರೆ ತಿದ್ದುವವರು ಯಾರು? ಕ್ಯೂಎಮುವಿನವರು ಅದು ಹೋಗಲಿದೆಯೆಂದು ಮೊದಲು ಸೂಚನೆ ಕೊಟ್ಟು, 2023ರ ಡಿಸೆಂಬರಿನ 8.2ನೆಯ ಆವೃತ್ತಿಯಲ್ಲಿ ಅದರ ಆಯ್ಕೆಯನ್ನೂ ಅದಕ್ಕೆ ಸೇರಿದ ಬರವಣಿಗೆಯನ್ನೂ ತೆಗೆದುಹಾಕಿದರು. ವಿಂಡೋಸಿಗೆ ಒಂದು, ಮ್ಯಾಕಿಗೆ ಇನ್ನೊಂದು ಬದಲಿ ಮಾರ್ಗ ಆ ವೇಳೆಗಾಗಲೇ ಸಿದ್ಧವಾಗಿತ್ತು. ಅದನ್ನು ಉಳಿಸಿಕೊಂಡಿದ್ದರೆ ಏನಾಗುತ್ತಿತ್ತು? ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬಂತೆ ಆಗುತ್ತಿತ್ತು. ಪಟ್ಟಿಯಲ್ಲಿ ಹೆಸರಿದೆ ಎಂದರೆ ಕೆಲಸ ಮಾಡುತ್ತದೆಂದು ನಂಬುವುದು ಸಹಜ. ಪರೀಕ್ಷಿಸದ, ಪೋಷಿಸದ ಆಯ್ಕೆಯನ್ನು ಪಟ್ಟಿಯಲ್ಲಿಡುವುದೆಂದರೆ ಆ ನಂಬಿಕೆಗೆ ದ್ರೋಹ ಮಾಡಿದಂತೆ.

ಇಲ್ಲಿ ಸ್ವಲ್ಪ ಲೆಕ್ಕವನ್ನೂ ನೋಡೋಣ. ಲೆಕ್ಕವೆಂದರೆ ಓಡುವ ಮಿತ್ರರು ಒಂದು ನಿಮಿಷ ನಿಲ್ಲಬೇಕು. ಒಂದೊಂದು ಆಯ್ಕೆಗೂ "ಬೇಕು", "ಬೇಡ" ಎಂಬ ಎರಡು ಉತ್ತರಗಳು. ಎರಡು ಆಯ್ಕೆಗಳಿದ್ದರೆ ನಾಲ್ಕು ಬಗೆಯಲ್ಲಿ ಕಟ್ಟಬಹುದು, ಮೂರಿದ್ದರೆ ಎಂಟು. ಹತ್ತಿದ್ದರೆ 1,024 ಬಗೆ. ಇಪ್ಪತ್ತಾದರೆ 10,48,576 ಬಗೆ. ಇಷ್ಟನ್ನೂ ಕಟ್ಟಿ ಪರೀಕ್ಷಿಸುವ ಶಕ್ತಿ ಭೂಮಂಡಲದಲ್ಲಿ ಯಾರಿಗಿದೆ? ಒಂದೇ ಒಂದು ಆಯ್ಕೆಯನ್ನು ತೆಗೆದರೆ ಈ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ಬಳಕೆ ತಪ್ಪಿದ್ದನ್ನು ಕಳೆಯುವುದು ಕಸ ಗುಡಿಸುವ ಶೋಕಿಯಲ್ಲ, ಉಳಿದದ್ದರ ಮೇಲೆ ಕಣ್ಣಿಡಲು ಬಿಡುವು ಮಾಡಿಕೊಳ್ಳುವ ಉಪಾಯ.

ಇದಕ್ಕಿಂತ ಗಂಭೀರವಾದ ವಿಷಯವೊಂದಿದೆ. ಕೋಲಾರದವರಿಗೆ ಅದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು. ಕೆರೆ ಬತ್ತಿದಾಗ ಬಾವಿ ತೋಡಿದೆವು, ಬಾವಿ ಬತ್ತಿದಾಗ ಸಾವಿರ ಅಡಿಯನ್ನೂ ಮೀರಿ ಕೊಳವೆಬಾವಿ ಕೊರೆಸಿದೆವು. ನೀರು ಬಾರದ ಕೊಳವೆಬಾವಿಯ ಮೋಟಾರನ್ನೂ ಪೈಪನ್ನೂ ಬಿಚ್ಚಿಕೊಂಡು ಹೋದ ರೈತನಿಗೆ ಅದು "ಬಳಕೆಯಲ್ಲಿಲ್ಲದ" ಬಾವಿ. ಆದರೆ ಆಡುವ ಮಗುವಿನ ಪಾಲಿಗೆ ಅದು ಬಾಯಿ ತೆರೆದ ಬಾವಿಯೇ. ದೇಶದಲ್ಲಿ ಇಂಥ ದುರಂತಗಳು ಮೇಲಿಂದ ಮೇಲೆ ನಡೆದುದರಿಂದ, ಕೈಬಿಟ್ಟ ಕೊಳವೆಬಾವಿಗಳನ್ನು ಮುಚ್ಚಲೇಬೇಕೆಂದು ಸುಪ್ರೀಂ ಕೋರ್ಟು 2010ರಲ್ಲಿ ಮಾರ್ಗಸೂಚಿಗಳನ್ನು ವಿಧಿಸಿತು. ಬಳಸುತ್ತಿಲ್ಲ ಎನ್ನುವುದು ಬೇರೆ, ಮುಚ್ಚಿದೆ ಎನ್ನುವುದು ಬೇರೆ. ಈ ಎರಡರ ಅಂತರದಲ್ಲೇ ಅಪಾಯ ಕಾದಿರುತ್ತದೆ.

ಎಮ್ಯುಲೇಟರಿನಲ್ಲೂ ಹೀಗೆಯೇ ನಡೆದಿದೆ. ಕ್ಯೂಎಮುವಿನಲ್ಲಿ ಹಳೆಯ ಫ್ಲಾಪಿ ಡಿಸ್ಕನ್ನು ಅನುಕರಿಸುವ ಭಾಗವೊಂದಿದೆ. ಅದರಲ್ಲಿ 2004ರಿಂದಲೂ ಅಡಗಿದ್ದ ದೋಷವೊಂದು 2015ರ ಮೇ ತಿಂಗಳಲ್ಲಿ ಬಯಲಿಗೆ ಬಂದಿತು. ವೆನಮ್, ಅಂದರೆ ವಿಷ, ಎಂದು ಅದಕ್ಕೆ ಹೆಸರಿಟ್ಟರು. ಆ ದೋಷವನ್ನು ಹಿಡಿದು, ವೇಷದ ಯಂತ್ರದ ಒಳಗಿದ್ದ ದುಷ್ಟನು ಹೊರಗಿನ ನಿಜವಾದ ಯಂತ್ರಕ್ಕೇ ಕೈಹಾಕುವ ಸಂಭವವಿತ್ತು. ಹೊಸ ಕಾಲದ ಸರ್ವರುಗಳಲ್ಲಿ ಫ್ಲಾಪಿಯನ್ನು ಯಾರು ಬಳಸುತ್ತಿದ್ದರು? ಯಾರೂ ಇಲ್ಲವೆಂದೇ ಹೇಳಬಹುದು. ಇನ್ನೂ ವಿಚಿತ್ರವೆಂದರೆ, ಫ್ಲಾಪಿ ಬೇಡವೆಂದು ಸ್ಪಷ್ಟವಾಗಿ ಹೇಳಿದ್ದರೂ ಬೇರೊಂದು ದೋಷದ ದೆಸೆಯಿಂದ ಆ ಭಾಗ ಒಳಗೊಳಗೇ ಎಚ್ಚರವಾಗಿರುತ್ತಿತ್ತು. ಬಾವಿಯ ಮೇಲೆ ಗೋಣಿಚೀಲ ಹೊದಿಸಿ ಮುಚ್ಚಿದೆವೆಂದು ತಿಳಿದಂತಾಯಿತು.

ಹಾಗಾದರೆ ಫ್ಲಾಪಿಯ ಭಾಗವನ್ನೂ ಕಿತ್ತುಹಾಕಬೇಕಿತ್ತೇ? ಇಲ್ಲವೆಂದೇ ನನ್ನ ಉತ್ತರ. ಅದನ್ನು ಕೀಳಲಿಲ್ಲ, ತಿದ್ದಿದರು. ಹಾಗೆ ಮಾಡಿದ್ದೇ ನ್ಯಾಯ. ಏಕೆಂದರೆ ಫ್ಲಾಪಿ ಎಂಬುದು ಎಮ್ಯುಲೇಟರ್ ಧರಿಸುವ ವೇಷಕ್ಕೆ ಸೇರಿದ್ದು. ಹಳೆಯ ಕಡತಗಳೂ ಹಳೆಯ ಪ್ರೋಗ್ರಾಮುಗಳೂ ಫ್ಲಾಪಿಗಳಲ್ಲಿವೆ. ಅದನ್ನು ತೆಗೆದರೆ ಎಮ್ಯುಲೇಟರ್ ಹುಟ್ಟಿದ ಉದ್ದೇಶಕ್ಕೇ ಕುಂದು. ಕೆಕ್ಯೂಎಮು, ಹ್ಯಾಕ್ಸ್‌ಎಂಗಳಾದರೋ ವೇಷಕ್ಕೆ ಸೇರಿದವಲ್ಲ, ವೇಷಧಾರಿಯ ಊರುಗೋಲುಗಳು. ಹನುಮಂತನ ಕಿರೀಟ ಎಷ್ಟೇ ಹಳೆಯದಾದರೂ ಬಣ್ಣ ಹಚ್ಚಿ ಉಳಿಸಿಕೊಳ್ಳಬೇಕು. ಆಡುವವನ ಕೈಯಲ್ಲಿರುವ ಗೆದ್ದಲು ಹಿಡಿದ ಕೋಲನ್ನು ಎಸೆದು ಗಟ್ಟಿಯಾದದ್ದನ್ನು ಕೊಡಬೇಕು. ಈ ವಿವೇಚನೆಯಿಲ್ಲದೆ "ಹಳೆಯದೆಲ್ಲ ಇರಲಿ" ಎನ್ನುವುದೂ "ಹಳೆಯದೆಲ್ಲ ಹೋಗಲಿ" ಎನ್ನುವುದೂ ಸಮನಾದ ಸೋಮಾರಿತನವೆಂದು ನನಗೆ ತೋರುತ್ತದೆ. ಹಳೆಯ ಕಾಲವನ್ನು ಬದುಕಿಸಬೇಕೆಂಬ ಎಮ್ಯುಲೇಟರ್ ತನ್ನ ಮೈಯೊಳಗಿನ ಒಣಕೊಂಬೆಗಳನ್ನು ಕಳೆದುಕೊಳ್ಳುತ್ತಲೇ ಇರಬೇಕು. ಶ್ರೀನಿವಾಸಪುರದ ಮಾವಿನ ತೋಟದವರನ್ನು ಕೇಳಿ ನೋಡಿ. ಹಳೆಯ ಮರವನ್ನು ಉಳಿಸಿಕೊಳ್ಳಬೇಕೆಂಬ ಆಸೆಯುಳ್ಳವನೇ ಅದರ ಒಣಕೊಂಬೆಗೆ ಕತ್ತಿಯನ್ನಿಡುತ್ತಾನೆ.

ಇಷ್ಟು ಹೇಳಿದ ಮೇಲೆ ಎದುರುಪಕ್ಷದ ಒಂದು ಮಾತನ್ನು ನಾನು ಮನ್ನಿಸಲೇಬೇಕು. "ಯಾರೂ ಬಳಸುವುದಿಲ್ಲ" ಎಂದು ತೀರ್ಮಾನಿಸುವವರು ಯಾರು? ದೊಡ್ಡ ನಗರದಲ್ಲಿ ಹೊಸ ಯಂತ್ರದ ಮುಂದೆ ಕುಳಿತವನಿಗೆ ಹಳೆಯ ಯಂತ್ರದ ಬಳಕೆದಾರ ಕಣ್ಣಿಗೆ ಬೀಳುವುದೇ ಇಲ್ಲ. ಕ್ಯೂಎಮುವಿನವರು 8.0ನೆಯ ಆವೃತ್ತಿಯ ಕಾಲಕ್ಕೆ, 2023ರಲ್ಲಿ, 32 ಬಿಟ್ಟಿನ ಹಳೆಯ ಎಕ್ಸ್86 ಯಂತ್ರಗಳ ಮೇಲೆ ಪೂರ್ಣ ಯಂತ್ರದ ಎಮ್ಯುಲೇಟರನ್ನು ಓಡಿಸುವುದನ್ನು ಬಿಟ್ಟುಬಿಡಬೇಕಾದವುಗಳ ಪಟ್ಟಿಗೆ ಸೇರಿಸಿದರು. 64 ಬಿಟ್ಟಿನ ಯಂತ್ರಗಳು ಎಲ್ಲೆಲ್ಲೂ ಸಿಗುವಾಗ, ಇರುವ ಅಲ್ಪ ಜನಬಲವನ್ನು ಹಳೆಯದಕ್ಕೆ ವ್ಯಯಿಸಲಾಗದೆಂಬುದು ಅವರು ಕೊಟ್ಟ ಕಾರಣ. ಕಾರಣ ಸರಿಯೇ. ಆದರೆ "ಎಲ್ಲೆಲ್ಲೂ" ಎಂಬ ಶಬ್ದದೊಳಗೆ ನಮ್ಮ ಹಳ್ಳಿಯೂ ಸೇರಿದೆಯೇ? ಯಾರೋ ಬಳಸಿ ಬಿಟ್ಟ ಕಂಪ್ಯೂಟರನ್ನು ಅಗ್ಗಕ್ಕೆ ಕೊಂಡು ಕಲಿಯುವ ವಿದ್ಯಾರ್ಥಿ ನಮ್ಮಲ್ಲಿ ಇನ್ನೂ ಇದ್ದಾನೆ. ಅವನನ್ನು ಲೆಕ್ಕಕ್ಕೆ ಹಿಡಿಯದ ಸುಧಾರಣೆ ಪೂರ್ಣ ಸುಧಾರಣೆಯಲ್ಲ.

ನಮ್ಮ ಜಿಲ್ಲೆಯ ರೈಲಿನ ಕಥೆ ಇಲ್ಲಿ ನೆನಪಾಗುತ್ತದೆ. ಅಂದು ಬೌರಿಂಗ್‌ಪೇಟೆಯೆನಿಸಿದ್ದ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ನ್ಯಾರೋ ಗೇಜ್ ರೈಲು ಬಂದಿತು. ಹಳಿಗಳ ಅಂತರ ಎರಡು ಅಡಿ ಆರು ಅಂಗುಲ. ಮಾಲೂರಿನ ಮೇಲೆ ಹಾದುಹೋಗುವ ಹಿರಿಯ ಮಾರ್ಗದ ಅಂತರ ಐದು ಅಡಿ ಆರು ಅಂಗುಲ. ಒಂದರ ಬಂಡಿ ಇನ್ನೊಂದರ ಮೇಲೆ ಓಡಲಾರದಾದುದರಿಂದ ಬಂಗಾರಪೇಟೆಯಲ್ಲಿ ಜನರೂ ಸರಕೂ ಬಂಡಿ ಬದಲಿಸಬೇಕಾಗಿತ್ತು. ಇಂಥ ಹಳಿಯನ್ನು ಅಗಲಗೊಳಿಸಿದ್ದು ನ್ಯಾಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೋಲಾರದಿಂದ ಶ್ರೀನಿವಾಸಪುರದ ಮೇಲೆ ಚಿಕ್ಕಬಳ್ಳಾಪುರದವರೆಗೆ ಬ್ರಾಡ್ ಗೇಜ್ ರೈಲು ಓಡಲು 2013 ಬರಬೇಕಾಯಿತು. ಹಳೆಯ ಹಳಿ ಕಿತ್ತ ದಿನಕ್ಕೂ ಹೊಸ ರೈಲು ಬಂದ ದಿನಕ್ಕೂ ನಡುವೆ ಇದ್ದ ಪ್ರಯಾಣಿಕನ ಪಾಡೇನು? ಕಳೆಯುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಕ್ಯೂಎಮುವಿನವರು ಈ ವಿಚಾರದಲ್ಲಿ ಒಂದು ಒಳ್ಳೆಯ ಕಟ್ಟಳೆಯನ್ನು ಮಾಡಿಕೊಂಡಿದ್ದಾರೆ. ತೆಗೆಯಬೇಕೆಂದಿರುವುದನ್ನು ಮೊದಲು ಒಂದು ಪಟ್ಟಿಗೆ ಸೇರಿಸುತ್ತಾರೆ. ವರ್ಷಕ್ಕೆ ಸುಮಾರು ಮೂರು ಆವೃತ್ತಿಗಳು ಹೊರಬರುತ್ತವೆ. ಪಟ್ಟಿಗೆ ಸೇರಿದ್ದು ಎರಡು ಆವೃತ್ತಿಗಳವರೆಗೆ ಉಳಿಯಬೇಕೆಂಬುದು ನಿಯಮ. ಬಳಸುವವರು ಯಾರಾದರೂ ಇದ್ದರೆ ಆ ಅವಧಿಯಲ್ಲಿ ಕೂಗಿ ಹೇಳಬಹುದು. ತೆಗೆದ ಮೇಲೆ, ಯಾವುದನ್ನು ತೆಗೆದೆವು, ಅದರ ಬದಲು ಏನನ್ನು ಬಳಸಬಹುದು ಎಂಬುದನ್ನು ಇನ್ನೊಂದು ಪಟ್ಟಿಯಲ್ಲಿ ಬರೆದಿಡುತ್ತಾರೆ. ಹಳೆಯ ಆವೃತ್ತಿಗಳ ಮೂಲ ಬರವಣಿಗೆ ಭಂಡಾರದಲ್ಲಿ ಹಾಗೆಯೇ ಇರುತ್ತದೆ. ಬೇಕಾದವನು ತೆಗೆದು ಕಟ್ಟಿಕೊಳ್ಳಬಹುದು. ಆದ್ದರಿಂದ ಕಳೆಯುವುದೆಂದರೆ ಸುಟ್ಟು ಬೂದಿ ಮಾಡುವುದಲ್ಲ. ಉಗ್ರಾಣದಲ್ಲಿಟ್ಟು ಅಡಿಗೆಮನೆಯಿಂದ ಹೊರಗೆ ಹಾಕುವುದು. ಮುನ್ಸೂಚನೆ, ಬದಲಿ ಮಾರ್ಗ, ಹಳೆಯದರ ಭದ್ರತೆ ಈ ಮೂರೂ ಇದ್ದಲ್ಲಿ ಬಳಕೆ ತಪ್ಪಿದ ಆಯ್ಕೆಯನ್ನು ಕಳೆಯಲು ಹಿಂಜರಿಯಬಾರದು.

ಆದರೂ ಒಂದು ಕೊರತೆ ಉಳಿದೇ ಇದೆ, ಅದು ಅವರದಕ್ಕಿಂತ ನಮ್ಮದು. ಮುಳಬಾಗಿಲಿನಿಂದ ದಿನವೂ ಬಸ್ಸಿನಲ್ಲಿ ಬರುವ ನನ್ನ ಸಹಪಾಠಿಯೊಬ್ಬನು ಹೋದ ವರ್ಷ ಒಂದು ತರಬೇತಿ ಕೇಂದ್ರದವರು ಹಂಚಿದ ಕೈಪಿಡಿಯನ್ನು ನಂಬಿ, ಹ್ಯಾಕ್ಸ್‌ಎಂ ಸ್ಥಾಪಿಸಲು ಎರಡು ಸಂಜೆ ಹೆಣಗಿದನು. ಕೈಪಿಡಿ ಹಳೆಯದು, ಅದು ಹೇಳಿದ ವಸ್ತು ನಿಂತುಹೋಗಿ ಎಷ್ಟೋ ಕಾಲವಾಗಿತ್ತು. ದಡ್ಡನು ತಾನೆಂದೇ ಅವನು ತಿಳಿದುಕೊಂಡಿದ್ದನು. ಸೂಚನೆಯೇನೋ ಪ್ರಕಟವಾಗಿತ್ತು, ಆದರೆ ಅದಿದ್ದದ್ದು ಇಂಗ್ಲಿಷಿನಲ್ಲಿ, ಅವನ ಕಣ್ಣಿಗೆ ಬೀಳದ ಜಾಗದಲ್ಲಿ. ಊರಾಚೆ ನಿಂತು ಡಂಗುರ ಸಾರಿದರೆ ಕೇರಿಯವರಿಗೆ ಕೇಳೀತೇ?

ಆ ಡಂಗುರವನ್ನು ಕೇರಿಯೊಳಕ್ಕೆ ತರುವ ಕೆಲಸ ಕಲಾ ಕಾಲೇಜಿನವರಿಗೆ ಹೇಳಿಮಾಡಿಸಿದ್ದು. ಪ್ರೋಗ್ರಾಮು ಬರೆಯಲು ಬಾರದಿದ್ದರೇನು, ಓದಿ ತಿಳಿದು ತಿಳಿಗನ್ನಡದಲ್ಲಿ ಹೇಳಲು ನಮಗೆ ಬರುತ್ತದೆ. ಬಾರದಿದ್ದರೆ ನಮ್ಮ ವ್ಯಾಸಂಗಕ್ಕೆ ಅರ್ಥವೇನು? ಪ್ರತಿ ಆವೃತ್ತಿಯಲ್ಲಿ ಯಾವುದು ಹೋಗುತ್ತಿದೆ, ಅದರ ಬದಲು ಯಾವುದಿದೆ ಎಂಬುದನ್ನು ಅರ್ಧ ಪುಟದಷ್ಟು ಕನ್ನಡದಲ್ಲಿ ಬರೆದು ನಮ್ಮ ಕಾಲೇಜಿನ ಸೂಚನಾಫಲಕಕ್ಕೂ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಾಲೇಜುಗಳಿಗೂ ಕಳುಹಿಸಿಕೊಡಬಹುದು. ಹಳೆಯ ಯಂತ್ರವನ್ನೇ ಬಳಸುವವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆಂದು ಎಣಿಸಿ, ತೀರ್ಮಾನಿಸುವವರಿಗೆ ಒಂದು ಕಾಗದವನ್ನೂ ಬರೆಯಬಹುದು. ಅದಕ್ಕೆ ಖರ್ಚಿಲ್ಲ, ಬೇಕಾದದ್ದು ವಾರಕ್ಕೊಂದು ಗಂಟೆ. ಅಧ್ಯಾಪಕರು ಸಮ್ಮತಿಸಿದರೆ ಬರುವ ವರ್ಷವೇ ಇದನ್ನು ಆರಂಭಿಸಬಹುದೆಂದು ಸೂಚಿಸುತ್ತೇನೆ. ಮೊದಲ ಅರ್ಧ ಪುಟವನ್ನು ಬರೆದುಕೊಡಲು ನಾನು ಸಿದ್ಧನಿದ್ದೇನೆ.